ದೊರೆಯ ಮುಂದೆ ಎತ್ತಬಾರದ ಹೆಸರು

ನಾನು ಪುಕ್ಕಲ. ನಾನೇ ಒಪ್ಪಿಕೊಂಡುಬಿಟ್ಟರೆ ಬೇರೆಯವರಿಗೆ ಹೇಳುವ ಶ್ರಮ ತಪ್ಪುತ್ತದೆ. ಕತ್ತಲಾದ ಮೇಲೆ ಹಾವನ್ನು ಹುಳ ಎನ್ನುವ ಮನೆಯಲ್ಲಿ ಬೆಳೆದವನು. ಮದುವೆಯಾಗಿ ಒಂಬತ್ತು ವರ್ಷವಾದರೂ ನನ್ನ ಹೆಂಡತಿ ನನ್ನ ಹೆಸರೆತ್ತಿಲ್ಲ. ಎತ್ತಿದರೆ ನನ್ನ ಆಯಸ್ಸು ಕಡಿಮೆಯಾಗುತ್ತದಂತೆ, ನಾನೂ ಒತ್ತಾಯ ಮಾಡಿಲ್ಲ. ಇಂಗ್ಲಿಷ್ ದೊರೆಗಳಿಗೆ ಮಾತ್ರ ಇಂಥ ಅಂಜಿಕೆಯೇ ಇಲ್ಲವೆಂದು ನಂಬಿದ್ದೆ. ಕನ್ನಂಬಾಡಿಯಲ್ಲಿ ಕಟ್ಟೆ ಏಳುತ್ತಿದ್ದ ಕಾಲದಲ್ಲಿ ಹಿರೋಡೆಯ ಬಳಿಯ ಕಲ್ಲುಗಣಿಗೆ ರೈಟರಾಗಿ ಸೇರಿದೆ ನೋಡಿ, ಆ ನಂಬಿಕೆ ಒಂದು ವಾರವೂ ಉಳಿಯಲಿಲ್ಲ.

ನಮ್ಮ ದೊರೆ ಆರಡಿ ಆಳು. ತಾವೇ ಹೊಡೆದ ಚಿರತೆಯ ಚರ್ಮದ ಮೇಲೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದರು. ಒಂದು ದಿನ ಪೊದೆಯಿಂದ ಓಡಿಹೋದ ಪ್ರಾಣಿಯ ಹೆಸರನ್ನು, ನನ್ನ ಇಂಗ್ಲಿಷ್ ತೋರಿಸುವ ಉಮೇದಿನಲ್ಲಿ, ಅವರೆದುರು ಹೇಳಿಬಿಟ್ಟೆ. ಉದ್ದ ಕಿವಿಯದು, ಚಂದ್ರನಲ್ಲಿ ಕಾಣುತ್ತದಲ್ಲ, ಅದೇ. ದೊರೆ ಬಿಳುಚಿಕೊಂಡರು. ಬಿಳಿಯರು ಇನ್ನೂ ಬಿಳುಚಬಲ್ಲರೆಂದು ನನಗೆ ಗೊತ್ತಾದದ್ದು ಆವತ್ತೇ. ಅವರ ಊರು ಸಮುದ್ರದ ನಡುವೆ ಕಲ್ಲುಗಣಿಗಳ ದ್ವೀಪವಂತೆ. ಆ ಪ್ರಾಣಿ ಬಿಲ ತೋಡಿದ ಕಡೆ ಬಂಡೆ ಸಡಿಲವಾಗಿ ಕುಸಿಯುತ್ತದಂತೆ. ಅವರ ಅಜ್ಜ ಹಾಗೇ ಹೋದರಂತೆ. ಅಲ್ಲಿ ಯಾರೂ ಅದರ ಹೆಸರೆತ್ತುವುದಿಲ್ಲ, ಅದು ಕಂಡ ದಿನ ಗಣಿಗೆ ಇಳಿಯುವುದಿಲ್ಲ. ಆ ಮಾತು ಇನ್ನೊಮ್ಮೆ ನನ್ನ ಬಾಯಲ್ಲಿ ಬಂದರೆ ಕೆಲಸದಿಂದ ತೆಗೆಯುವುದಾಗಿ ಹೇಳಿದರು. ಸಂಜೆಯೊಳಗೆ ಈ ಸುದ್ದಿ ಗಣಿಯ ಆಳುಗಳಿಗೆಲ್ಲ ಮುಟ್ಟಿತ್ತು.

ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಕಲ್ಲು ಒಡೆಸುವ ಮೇಸ್ತ್ರಿ ಕೆಂಪಯ್ಯ ಏದುಸಿರು ಬಿಡುತ್ತ ಬಂದ.

"ಅಯ್ನೋರೆ, ದೊಡ್ ಬಂಡೆ ಬುಡ್ದಲ್ಲಿ ಬಿಲ ಅದೆ. ಅದು ಒಳಿಕ್ಕೆ ಓಗಿದ್ದ ನಾನೇ ಕಂಡೆ. ದೊರೆಗೋಳ್ಗೆ ಏಳ್ಬುಡಿ."

ಹೇಳಿದರೆ ನನ್ನ ಅನ್ನ ಹೋಗುತ್ತದೆ. ಹೇಳದಿದ್ದರೆ ಬಂಡೆಯ ಕೆಳಗಿರುವ ಇಪ್ಪತ್ತು ಜನರ ಪ್ರಾಣ. ದೊರೆಯೆದುರು ಹೋಗಿ ನಿಂತೆ. ಕೊನೆಗೆ ಎರಡು ಬೆರಳನ್ನು ತಲೆಯ ಮೇಲೆ ಕಿವಿಯ ಹಾಗೆ ನಿಲ್ಲಿಸಿ ಬಂಡೆಯ ಕಡೆ ತಿರುಗಿದೆ. ದೊರೆ ಸೀಟಿ ಊದಿದರು. ಎಲ್ಲರೂ ಮೇಲೆ ಬಂದು ಸಂಜೆಯವರೆಗೂ ಬಂಡೆಯನ್ನೇ ನೋಡುತ್ತ ಕುಳಿತೆವು. ಅದು ಕದಲಲಿಲ್ಲ. ಕೆಂಪಯ್ಯ ಮಾತ್ರ ಎಲ್ಲೂ ಕಾಣಲಿಲ್ಲ.

ಮರುದಿನ ಆತ ನನಗೆ ಎಲೆಅಡಿಕೆ ಕೊಟ್ಟು ನಿಜ ಒಪ್ಪಿಕೊಂಡ. ಅವನ ಮಗಳನ್ನು ನೋಡಲು ಅಕ್ಕಿಹೆಬ್ಬಾಳಿನಿಂದ ಗಂಡಿನವರು ಬಂದಿದ್ದರಂತೆ, ಕೇಳಿದರೆ ರಜ ಸಿಗುತ್ತಿರಲಿಲ್ಲವಂತೆ. ಬಿಲವೂ ಸುಳ್ಳು, ಅದರೊಳಗಿನದೂ ಸುಳ್ಳು. ನನಗೆ ರೇಗಿಹೋಯಿತು. ಪಾಪ, ದೊರೆಯ ಮೂಢನಂಬಿಕೆಯನ್ನು ಹೀಗೆ ಬಳಸಿಕೊಳ್ಳಬಹುದೇ ಎಂದು ಚೆನ್ನಾಗಿ ದಬಾಯಿಸಿದೆ. ಕೆಂಪಯ್ಯನ ಹೆಸರೆತ್ತದೆ, ಬಂಡೆ ಭದ್ರವಾಗಿದೆಯೆಂದು ದೊರೆಗೆ ತಿಳಿಸಿದೆ. ಹಾಗಾದರೆ ನೀನೇ ಮೊದಲು ಇಳಿದು ಅದರ ಕೆಳಗೆ ಹತ್ತು ನಿಮಿಷ ನಿಲ್ಲು, ಆಮೇಲೆ ಆಳುಗಳನ್ನು ಇಳಿಸುತ್ತೇನೆ ಎಂದರು ಅವರು.

ಇಳಿದೆ. ಬುಡದಲ್ಲಿ ಬಿಲ ಇರಲಿಲ್ಲ. ಬಗ್ಗಿ ಎರಡು ಸಲ ನೋಡಿದೆ, ಇರಲಿಲ್ಲ. ಆದರೂ ಬಂಡೆ ಮುಂದಕ್ಕೆ ಬಾಗಿದ ಹಾಗಿತ್ತು. ಏನೋ ಕಟಕಟ ಅಂದಿತು; ಕಲ್ಲೋ ನನ್ನ ಹಲ್ಲೋ ತಿಳಿಯಲಿಲ್ಲ. ತಲೆಯೆತ್ತಿದರೆ ದೊರೆ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಾರೆ. ನನ್ನ ಎರಡು ಬೆರಳು ಮೆಲ್ಲಗೆ ತಲೆಯ ಮೇಲೆ ಹೋದವು.

ಆವತ್ತೂ ಗಣಿಗೆ ರಜ. ಮೇಲೆ ಬಂದ ನನ್ನನ್ನು ಕೆಂಪಯ್ಯ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದ: "ನಿಮ್ಮನೇಲಿ ಯಾರ್ನ ನೋಡಾಕ್ ಬತ್ತಾವ್ರೆ ಅಯ್ನೋರೆ?"