ಹೋಗಿ ಬರ್ತಾನೆ

ಈ ವಿಷಯ ಬರೆಯಬೇಕೆಂದು ಯುಗಾದಿಯಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲು ಪೆನ್ನು ಸರಿಯಿಲ್ಲ ಅಂದೆ, ಆಮೇಲೆ ಕನ್ನಡಕ ಸರಿಯಿಲ್ಲ ಅಂದೆ. ಎರಡೂ ಸರಿಯಾಗಿಯೇ ಇದ್ದವು. ವಯಸ್ಸಾದಂತೆ ತಪ್ಪು ಒಪ್ಪಿಕೊಳ್ಳುವ ಧೈರ್ಯ ಬರುತ್ತದೆ ಅನ್ನುತ್ತಾರೆ. ನನಗೆ ಬಂದದ್ದು ನೆಪಗಳು ಮಾತ್ರ.

ನನ್ನ ಮಗಳು ಲತಾ ಹೊರದೇಶದಲ್ಲಿ ನರ್ಸು. ದೇಶದ ಹೆಸರು ಹೇಳುವುದಿಲ್ಲ, ವೀಸಾದ ಫೈಲು ಮತ್ತೆ ಹಿಂದಕ್ಕೆ ಹೋದೀತು ಅಂತ ಭಯ. ಅಳಿಯ ಮಂಜುನಾಥ ತರೀಕೆರೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದ. ರಜಕ್ಕೆ ಬಂದು ಹೋದ ಲತಾ ಬಸುರಿಯಾದಳು. ಹೆರಿಗೆಯ ಹೊತ್ತಿಗೆ ಗಂಡ ಅಲ್ಲಿರಬೇಕು, ಆಮೇಲೂ ಅಲ್ಲೇ ನೆಲೆಸಬೇಕು ಅಂತ ವೀಸಾಕ್ಕೆ ಅರ್ಜಿ ಹಾಕಿದರು. ಹುಡುಗಿಯ ಮನೆಯವರದೂ ಒಂದು ಪತ್ರ ಬೇಕಂತೆ. ಅಜ್ಜಂಪುರದ ನಮ್ಮ ಬೀದಿಯಲ್ಲಿ ಒಂದೇ ಏಟಿಗೆ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪಾಸಾದವನು ನಾನು. ಮೇಲಾಗಿ ಮೂವತ್ತು ವರ್ಷ ಬಸ್ ಕಂಡಕ್ಟರಾಗಿ "ಹೋಲ್ಡಾನ್", "ರೈಟ್" ಎಂಬ ಎರಡು ಇಂಗ್ಲಿಷ್ ಪದಗಳಿಂದ ಸಂಸಾರ ಸಾಕಿದವನು. ಪತ್ರ ನಾನೇ ಇಂಗ್ಲಿಷಿನಲ್ಲಿ ಬರೆದೆ.

ಕಡೂರು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ. ಅದನ್ನು ನಡೆಸುವ ಹೆಣ್ಣುಮಗಳು ಟೈಪು ಮಾಡುತ್ತಾ ಮಾಡುತ್ತಾ ನಿಲ್ಲಿಸಿದಳು.

"ತಾತ, ಅಳಿಯ ಹೋಗಿ ಬರ್ತಾನೆ ಅಂತ ಬರ್ದಿದೀರ. ಇದು ಅಲ್ಲೇ ಇರೋಕೆ ಹಾಕಿರೋ ಅರ್ಜಿ. ಹೋಗ್ತಾನೆ ಅಂದ್ರೆ ಸಾಕಲ್ವಾ?"

"ಬಿಡ್ತು ಅನ್ನು! ಮನೆಯಿಂದ ಹೊರಡೋನಿಗೆ ಹೋಗ್ತಾನೆ ಅಂತಾರೇನಮ್ಮಾ? ಏನ್ ಓದಿದೀಯ ನೀನು?"

"ಬಿ.ಕಾಂ., ತಾತ."

"ಅದಕ್ಕೇ."

ಅಂಗಡಿಯಲ್ಲಿದ್ದವರು ನಕ್ಕರು. ಅವಳು "ಬಿಡ್ತು" ಅಂದು, ನಾನು ಬರೆದಂತೆಯೇ ಟೈಪು ಮಾಡಿಕೊಟ್ಟಳು.

ತಿಂಗಳ ಮೇಲೆ ತಿಂಗಳು ಹೋಯಿತು. ಅಳಿಯನ ಪ್ರಯಾಣಕ್ಕೆಂದು ನನ್ನ ಹೆಂಡತಿ ಕುಟ್ಟಿದ ಚಟ್ನಿಪುಡಿಯನ್ನು ನಾವೇ ತಿಂದು ಮುಗಿಸಿದೆವು. ಮತ್ತೆ ಕುಟ್ಟಿದಳು, ಮತ್ತೆ ತಿಂದೆವು. ಮಂಜುನಾಥ ತಂತಿ ಸುತ್ತುವಾಗಲೂ ಕಣ್ಣು ಮೊಬೈಲಿನ ಮೇಲೇ. ಯಗಟಿಯ ರೈತರೊಬ್ಬರು ಮೋಟಾರು ವಾಪಸು ತಂದು, "ಏನಪ್ಪಾ, ಇದೂ ನಿನ್ ವೀಸಾ ಇದ್ದಂಗೇ ಐತಲ್ಲ. ಗುಂಯ್ ಅಂತದೆ, ಏನೂ ಮ್ಯಾಕೆ ಬರಲ್ಲ" ಅಂದರು.

ಕೊನೆಗೆ ವೀಸಾ ಕಚೇರಿಯವರು ಕೇಳಿದರು: ಅರ್ಜಿಯಲ್ಲಿ ನೆಲೆಸುತ್ತೇನೆ ಅಂತಿದೆ, ಮಾವನವರು ವಾಪಸು ಬರುತ್ತಾನೆ ಅಂತಾರೆ, ಯಾವುದು ನಿಜ? ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು.

"ಆ ಕಡೂರು ಹುಡುಗಿ ತಪ್ಪು ಟೈಪು ಮಾಡಿದಾಳೆ ಕಣಯ್ಯಾ" ಅಂದುಬಿಟ್ಟೆ.

ಮಂಜುನಾಥ ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋಗಿ ನಾಲ್ಕು ಜನರ ಮುಂದೆ ಕೂಗಾಡಿದ. ಅವಳು ನನ್ನತ್ತ ಒಮ್ಮೆ ನೋಡಿದಳು. ಅರ್ಧ ತೆರೆದ ಡ್ರಾಯರಿನಲ್ಲಿ ನನ್ನದೇ ಕೈಬರಹದ ಹಾಳೆ ನನಗೆ ಕಾಣುತ್ತಿತ್ತು. ಅವಳು ಅದನ್ನು ತೆಗೆಯಲಿಲ್ಲ. ಡ್ರಾಯರು ಮುಚ್ಚಿ, "ಹೊಸ ಪತ್ರ ಮಾಡ್ಕೊಡ್ತೀನಿ, ಕೂತ್ಕೊಳಿ" ಅಂದಳು. ನಾನು ಕೂತೆ.

ಹೊಸ ಪತ್ರದಲ್ಲಿ ಹೋಗುವುದಷ್ಟೇ ಇತ್ತು. ವೀಸಾ ಬಂತು. ಅದಕ್ಕಿಂತ ಹನ್ನೊಂದು ದಿನ ಮೊದಲೇ ಮೊಮ್ಮಗಳು ಬಂದಿದ್ದಳು. ಅಪ್ಪ ಮಗಳ ಮುಖ ಮೊದಲು ನೋಡಿದ್ದು ಗ್ರೀಸು ಮೆತ್ತಿದ ಮೊಬೈಲಿನಲ್ಲಿ. ಹೊರಡುವ ದಿನ ಕಾಲಿಗೆ ಬಿದ್ದ ಮಂಜುನಾಥ, ಬಾಯಿ ತಪ್ಪೀತೆಂದು ಹೆದರುತ್ತಾ, "ಮಾವ, ಹೋಗ್ತೀನಿ" ಅಂದ. ನಾಲಗೆ ತುದಿಗೆ ಬಂದ "ಬಿಡ್ತು ಅನ್ನು" ಎಂಬುದನ್ನು ನುಂಗಿಕೊಂಡೆ.

ಅಲ್ಲಿಂದೀಚೆಗೆ ತಪ್ಪಾಯಿತು ಅನ್ನಲು ಆರು ಸಲ ಕಡೂರಿಗೆ ಹೋಗಿದ್ದೇನೆ. ಅವಳನ್ನು ಬೈಸಿದ್ದು ನಾಲ್ಕು ಜನರ ಮುಂದೆ. ಕ್ಷಮೆ ಕೇಳುವುದಕ್ಕೆ ಮಾತ್ರ ಯಾರೂ ಇರಬಾರದು. ಯಾರಾದರೂ ಇದ್ದೇ ಇರುತ್ತಾರೆ. ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆ. ಮನೆಯಲ್ಲೀಗ ನನ್ನ ಮುಖದ್ದೇ ಒಂದು ಕಟ್ಟು ಇದೆ. ಒಂದರಲ್ಲೂ ಪಶ್ಚಾತ್ತಾಪ ಕಾಣುವುದಿಲ್ಲ.

ಹೋದ ವಾರ ಅಂಗಡಿ ಖಾಲಿಯಿತ್ತು. "ಏನ್ ತಾತ?" ಅಂದಳು. ಬಾಯಿ ತೆರೆದೆ. "ಹೋಗಿ ಬರ್ತೀನಮ್ಮಾ" ಅಂದೆ.

"ಈಗ್ತಾನೆ ಬಂದ್ರಲ್ಲ!" ಅಂತ ನಕ್ಕಳು.

ನೋಡಿ, ಇಷ್ಟೆಲ್ಲ ಬರೆದು ಅವಳ ಹೆಸರನ್ನೇ ಹೇಳಿಲ್ಲ. ಗಿರಿಜಾ.