ಮೂರು ಕೋಟೆ, ಒಂದು ಉಪಾಯ

ನೇರವಾಗಿ ಮಾತಾಡುವ ಧೈರ್ಯ ಇಲ್ಲದವರಿಗೆ ದೇವರು ಉಪಾಯ ಹೂಡುವ ಬುದ್ಧಿ ಕೊಡುತ್ತಾನೆ. ನನಗೂ ಅದನ್ನು ಧಾರಾಳವಾಗಿಯೇ ಕೊಟ್ಟಿದ್ದಾನೆ. ಆ ಉಪಾಯಗಳು ಫಲಿಸುವ ಯೋಗವನ್ನು ಮಾತ್ರ ಬೇರೆ ಯಾರದೋ ಹಣೆಯಲ್ಲಿ ಬರೆದುಬಿಟ್ಟಿದ್ದಾನೆ. ಒಮ್ಮೆ ಎಂಟು ದಿನಕ್ಕೆಂದು ಧಾರವಾಡದಿಂದ ಬಂದ ದೂರದ ನೆಂಟರೊಬ್ಬರು ಮಲಾಡಿನ ನಮ್ಮ ಚಾಳಿನ ಒಂದೂವರೆ ಖೋಲಿಯಲ್ಲಿ ತಿಂಗಳಾದರೂ ಹಾಸಿಗೆ ಸುತ್ತುವ ಲಕ್ಷಣ ತೋರಿಸಲಿಲ್ಲ. ಹೋಗಿ ಬನ್ನಿ ಎನ್ನಲು ನನಗೆ ನಾಲಿಗೆ ಏಳದು. ಅದಕ್ಕೆ, ಬೆಳಗಿನ ನಾಲ್ಕಕ್ಕೆ ಎದ್ದು ನಳದ ನೀರು ತುಂಬುವುದು ನಮ್ಮ ಚಾಳಿನಲ್ಲಿ ಅತಿಥಿಗಳ ಸರದಿ ಎಂದು ಹೇಳಿದೆ. ಅವರು ಸಂತೋಷದಿಂದ ಎದ್ದರು. ಮೊದಲು ನಮ್ಮ ಕೊಡ ತುಂಬಿದರು, ಆಮೇಲೆ ಪಕ್ಕದವರದು, ಆಮೇಲೆ ಇಡೀ ಸಾಲಿನವರದು. ಅವರನ್ನು ಇನ್ನೆರಡು ತಿಂಗಳು ಇಟ್ಟುಕೊಳ್ಳಿ ಎಂದು ಚಾಳಿನವರೇ ಬಂದು ನನ್ನನ್ನು ಕೇಳಿಕೊಂಡರು. ಇಂಥ ಕೀರ್ತಿವಂತನಾದ ನಾನು ಒಂದು ಮಗುವಿನ ವಿಷಯದಲ್ಲಿ ಮತ್ತೊಂದು ಉಪಾಯ ಹೂಡಿದ್ದನ್ನು ಈಗ ಹೇಳಬೇಕಾಗಿದೆ.

ಮಗು ನನ್ನದಲ್ಲ, ತಂಗಿಯದು. ಹೆಸರು ಕುಸುಮಾ, ಎಲ್ಲರ ಬಾಯಲ್ಲಿ ಕುಸುಮಿ. ಬಿಜಾಪುರಕ್ಕೆ ಕೊಟ್ಟಿದ್ದ ನನ್ನ ಒಬ್ಬಳೇ ತಂಗಿ ಎರಡನೆಯ ಹೆರಿಗೆಯಲ್ಲಿ ಕೂಸಿನ ಜೊತೆಗೇ ತೀರಿಕೊಂಡಾಗ ಕುಸುಮಿಗೆ ಮೂರೂವರೆ ವರ್ಷ. ತಂಗಿಯ ಗಂಡ ಒಂಟಿ ಗಂಡಸು, ಶಾಲೆ ಮಾಸ್ತರ. ಮಗುವನ್ನು ಹೇಗೆ ನೋಡಿಕೊಂಡಾನು? ದಿನಕರ್ಮ ಮುಗಿಸಿ ಬರುವಾಗ ನನ್ನ ಹೆಂಡತಿ ಶಾಂತಾ ಯಾರನ್ನೂ ಕೇಳದೆ ಅವಳನ್ನು ಎತ್ತಿಕೊಂಡು ರೈಲು ಹತ್ತಿದಳು. ನಮಗೆ ಮಕ್ಕಳಿಲ್ಲ. ಆಮೇಲಿನ ಎರಡೂವರೆ ವರ್ಷ ನಮಗೆ ಮಕ್ಕಳಿಲ್ಲ ಎಂಬುದು ನೆನಪಾಗಲಿಲ್ಲ. ಅವಳು ನನ್ನನ್ನು ಮಾಮಾ, ಶಾಂತಾಳನ್ನು ಮಾಮಿ ಎನ್ನುತ್ತಿದ್ದಳು. ಚಾಳಿನ ಹುಡುಗರ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಹಿಂದಿ. ಸಂಜೆ ಲೋಕಲ್ ಇಳಿದು ನಾನು ಮನೆಗೆ ಬಂದರೆ ಮೊದಲು ನನ್ನ ಛತ್ರಿ ಕಸಿದುಕೊಂಡು, ಆಮೇಲೆ ಒಳಗೆ ಬಿಡುತ್ತಿದ್ದಳು.

ಆ ವರ್ಷ ದಸರಾ ಮುಗಿದ ಮೇಲೆ ಬಿಜಾಪುರದಿಂದ ಪತ್ರ ಬಂತು. ಮಾಸ್ತರ ಮತ್ತೆ ಮದುವೆಯಾಗಿದ್ದ. ದೀಪಾವಳಿ ಮುಗಿದ ವಾರ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಅವಳನ್ನು ಶಾಲೆಗೆ ಹಾಕುವ ವಯಸ್ಸಾಯಿತು ಎಂದು ಬರೆದಿದ್ದ. ತಪ್ಪೇನಿದೆ? ತಂದೆಯ ಮಗಳು ತಂದೆಯ ಮನೆಗೆ. ಕೆಳಗೆ ಹೊಸ ಹೆಂಡತಿಯೂ ದುಂಡಗಿನ ಅಕ್ಷರದಲ್ಲಿ ಎರಡು ಸಾಲು ಸೇರಿಸಿದ್ದಳು: “ಮಗು ಬರುವ ದಾರಿ ನೋಡುತ್ತಿದ್ದೇನೆ. ಅವಳಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಅಕ್ಕನವರು ದಯಮಾಡಿ ಬರೆದು ತಿಳಿಸಬೇಕು.” ಅವಳು ಕೆಟ್ಟವಳಾಗಿದ್ದರೆ ನಮಗೆ ಎಷ್ಟು ಅನುಕೂಲವಾಗುತ್ತಿತ್ತು! ಬಾಯಿತುಂಬ ಬೈದು, ಹುಡುಗಿಯನ್ನು ಕಳಿಸುವುದಿಲ್ಲ ಎಂದು ಹಟ ಹಿಡಿಯಬಹುದಿತ್ತು. ಶಾಂತಾ ಆ ಎರಡು ಸಾಲನ್ನು ಮತ್ತೆ ಮತ್ತೆ ಓದಿ ತಪ್ಪು ಹುಡುಕಿದಳು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ಇನ್ನು ಕುಸುಮಿಗೆ ಹೇಳುವವರು ಯಾರು? “ನೀವ ಹೇಳ್ರಿ, ನಿಮ್ಮ ತಂಗಿ ಮಗಳು,” ಎಂದಳು ಶಾಂತಾ. “ನೀನ ಹೇಳು, ನಿನ್ನ ಕೈಯಾಗ ಬೆಳದಾಕಿ,” ಎಂದೆ ನಾನು. ಹೀಗೆ ಒಬ್ಬರ ಮೇಲೊಬ್ಬರು ಹಾಕುತ್ತ ದೀಪಾವಳಿಯೂ ಬಂತು.

ದೀಪಾವಳಿಗೆ ನಮ್ಮ ಚಾಳಿನ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲಾ, ಅಂದರೆ ಪುಟ್ಟ ಕೋಟೆ, ಕಟ್ಟುತ್ತಾರೆ. ಮರಾಠಿ ಮನೆಗಳ ಪದ್ಧತಿ. ನೋಡನೋಡುತ್ತ ನಮ್ಮದೂ ಆಯಿತು. ಕಲ್ಲುಮಣ್ಣು ಪೇರಿಸಿ ಗುಡ್ಡ ಮಾಡಿ, ಬುರುಜು ತಿದ್ದಿ, ಮೇಲೆ ಸಾಸಿವೆ ಚೆಲ್ಲಿ ನೀರು ಚಿಮುಕಿಸುತ್ತಾರೆ. ನಾಲ್ಕು ದಿನದಲ್ಲಿ ಗುಡ್ಡ ಹಸಿರಾಗುತ್ತದೆ. ತುದಿಯಲ್ಲಿ ಸಿಂಹಾಸನದ ಮೇಲೆ ಮಣ್ಣಿನ ಮಹಾರಾಜರು, ಮೆಟ್ಟಿಲು ಮೆಟ್ಟಿಲಿಗೂ ಸಿಪಾಯಿಗಳು, ಕೆಳಗೆ ಒಬ್ಬ ಹಾಲು ಮಾರುವವಳು. ಸಾಸಿವೆ ಚೆಲ್ಲುವ ಖಾತೆ ಕುಸುಮಿಯದು. ಆ ಸಲ ಅವಳು ಕಿಲ್ಲಾದ ಮುಂದೆ ಕುಕ್ಕರಗಾಲಿನಲ್ಲಿ ಕೂತು, “ಮಾಮಾ, ಖರೇ ಕಿಲ್ಲಾ ಎಲ್ಲೆರ ಅದ ಏನು?” ಎಂದು ಕೇಳಿದಾಗ ನನಗೆ ಉಪಾಯ ಹೊಳೆಯಿತು. ಬಿಜಾಪುರವೆಂದರೆ ಊರಿಗೆ ಊರೇ ಕೋಟೆ! ಮುಂಬಯಿಯ ಮೂರು ಚಿಕ್ಕ ಕೋಟೆ ತೋರಿಸಿ ಹುಡುಗಿಗೆ ರುಚಿ ಹತ್ತಿಸುವುದು. ಆಮೇಲೆ, ಇವೆಲ್ಲಕ್ಕಿಂತ ದೊಡ್ಡದು ನಿಮ್ಮಪ್ಪನ ಊರಿನಲ್ಲಿದೆ, ಹೋಗುತ್ತೀಯಾ ಎನ್ನುವುದು. ಕುಣಿಯುತ್ತ ಹೋಗುತ್ತಾಳೆ. ಅಳುವ ಪ್ರಸಂಗವೇ ಇಲ್ಲ. ಶಾಂತಾಳಿಗೆ ಹೇಳಿದೆ. ಅವಳು ನನ್ನನ್ನು ನೀರು ತುಂಬುವ ನೆಂಟರನ್ನು ನೋಡಿದ ಹಾಗೆ ನೋಡಿ, “ಮಾಡ್ರಿ,” ಎಂದಳು.

ಕೋಟೆ ನೋಡಲು ಗೊತ್ತುಮಾಡಿದ ಮೋಟಾರು, ಸ್ಟೇಶನ್ ಪಕ್ಕದ ಹೋಟೆಲಿನ ಶೆಟ್ಟರದು. ಉಡುಪಿ ಕಡೆಯವರು, ಅವರ ಇಂಗ್ಲಿಷ್ ಅರ್ಜಿಗಳನ್ನು ನಾನು ಬರೆದುಕೊಡುತ್ತಿದ್ದೆ. ವಾರವೆಲ್ಲ ಮಾರ್ಕೆಟ್ಟಿನಿಂದ ತರಕಾರಿ ಹೊರುತ್ತಿದ್ದ ಆ ಗಾಡಿಯ ಒಳಗೆ ಕೂತರೆ ಕೊತ್ತಂಬರಿ, ಕರಿಬೇವು ಘಮ್ಮೆನ್ನುತ್ತಿತ್ತು. ಒಗ್ಗರಣೆ ಒಂದು ಬಾಕಿ. ಗಾಡಿ ನೂಕದೆ ಚಾಲೂ ಆಗುತ್ತಿರಲಿಲ್ಲ. ದೀಪಾವಳಿ ಮುಗಿದ ಮೊದಲ ರವಿವಾರ ಬೆಳಿಗ್ಗೆ ಶೆಟ್ಟರು ಚಕ್ರ ಹಿಡಿದು ಕೂತರು, ನಾನು ಹಿಂದಿನಿಂದ ನೂಕಿದೆ. “ಸ್ವಲ್ಪ ಜೋರು ನೂಕಿ ಮಾರಾಯ್ರೆ, ಅರ್ಜಿ ಬರೆದ ಹಾಗಲ್ಲ ಇದು!” ಎಂದು ಅವರು ಕೂಗಿದರು. ಕುಸುಮಿ ಕಿಟಕಿಯಿಂದ ತಲೆ ಹೊರಹಾಕಿ ಚಪ್ಪಾಳೆ ತಟ್ಟಿದಳು. ಅವಳ ಫ್ರಾಕಿನ ಜೇಬಿನಲ್ಲಿ ಒಂದು ಕಾಗದದ ಪೊಟ್ಟಣ ಉಬ್ಬಿಕೊಂಡಿತ್ತು. ಏನದು ಎಂದರೆ ಹೇಳಲಿಲ್ಲ.

ಜೋಗೇಶ್ವರಿ, ಅಂಧೇರಿ ದಾಟಿ ಮಾಹೀಮಿಗೆ ಬಂದೆವು. ಅಲ್ಲಿಯ ಕೋಟೆಗೆ ಗೋಡೆ ಇತ್ತು, ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು. ಕುಸುಮಿ ಸಂದಿಯಿಂದ ಇಣುಕಿ, “ರಾಜಾ ಎಲ್ಲಿ ಹೋಗ್ಯಾನ?” ಎಂದಳು. ರವಿವಾರ ರಜೆ ಎಂದೆ. ಒಪ್ಪಿಕೊಂಡಳು, ನನ್ನ ಆಫೀಸಿಗೂ ರವಿವಾರ ಬೀಗ ಹಾಕುತ್ತಾರೆಂದು ಅವಳಿಗೆ ಗೊತ್ತು. ಅಲ್ಲಿಂದ ವರಳಿ. ಆ ಕೋಟೆ ಮೀನುಗಾರರ ಕೇರಿಯ ತುದಿಗಿದೆ. ಒಳಗೆ ಹಗ್ಗ ಕಟ್ಟಿ ಸಾಲುಸಾಲಾಗಿ ಮೀನು ಒಣಹಾಕಿದ್ದರು. ಶಾಂತಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು. ದಿನವಿಡೀ ಸಾಂಬಾರಿನ ಹಬೆಯಲ್ಲಿ ಇರುವ ಶೆಟ್ಟರು ಮಾತ್ರ ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡು, “ಊರಿಗೆ ಹೋಗಿ ನಾಲ್ಕು ವರ್ಷ ಆಯ್ತು,” ಎಂದರು. ಕುಸುಮಿ ಮೀನು ತಿರುವಿ ಹಾಕುತ್ತಿದ್ದ ಮುದುಕಿಯನ್ನೇ ನೇರವಾಗಿ ಮರಾಠಿಯಲ್ಲಿ ವಿಚಾರಿಸಿದಳು, ರಾಜ ಎಲ್ಲಿ ಎಂದು. ಮುದುಕಿ ಕೆಲಸ ಬಿಡದೆ, ರಾಜ ಮೀನು ಹಿಡಿಯಲು ಹೋಗಿದ್ದಾನೆ ಎಂದಳು. ಕುಸುಮಿ ನನ್ನ ಕಡೆ ತಿರುಗಿ ನೋಡಿದ ನೋಟದಲ್ಲಿ ನನ್ನ ಮೇಲಿನ ಭರವಸೆ ಅರ್ಧ ಇಳಿದಿತ್ತು.

ಕೊನೆಯದು ಸಾಯನ್ ಗುಡ್ಡದ ಕೋಟೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಛಾವಣಿ ಹಾರಿಹೋದ ಎರಡು ಕೋಣೆ, ತುಕ್ಕು ಹಿಡಿದ ಒಂದು ತೋಪು, ನಾಲ್ಕು ಆಡು. ಕುಸುಮಿ ಸುತ್ತ ತಿರುಗಿ ನೋಡಿದಳು. ಆಮೇಲೆ ಜೇಬಿನಿಂದ ಪೊಟ್ಟಣ ತೆಗೆದಳು. ಸಾಸಿವೆ! ಶಾಂತಾಳ ಒಗ್ಗರಣೆ ಡಬ್ಬಿಯಿಂದ ಕದ್ದದ್ದು. “ಹಸರು ಇಲ್ಲಲ್ಲ, ಅದಕ್ಕ ಯಾರೂ ಇಲ್ಲಿ ಇರಂಗಿಲ್ಲ,” ಎಂದು ನಮಗೆ ತಿಳಿಸಿ, ಗೋಡೆಯ ಬುಡದಲ್ಲಿ ಉದ್ದಕ್ಕೂ ಚೆಲ್ಲುತ್ತ ಹೋದಳು. ಮಾಮಿಯ ಕೈಯಲ್ಲಿದ್ದ ತಂಬಿಗೆಯ ನೀರನ್ನೆಲ್ಲ ಚಿಮುಕಿಸಿದಳು. ಕುಡಿಯಲು ನಮಗೆ ಹನಿ ಉಳಿಯಲಿಲ್ಲ.

ಕೈ ಕೊಡವಿಕೊಂಡು ಬಂದು ತೀರ್ಪು ಹೇಳಿದಳು: “ಖರೇ ಕಿಲ್ಲಾ ಚಲೋ ಇರಂಗಿಲ್ಲ ಮಾಮಾ. ಎಲ್ಲಾರೂ ಬಿಟ್ಟು ಹೋಗಿರ್ತಾರ. ನಮ್ಮ ಚಾಳಿನ ಕಿಲ್ಲಾನ ಚಲೋ. ನಡೀರಿ ಮನಿಗೆ.”

ಉಪಾಯ ಮಣ್ಣುಗೂಡಿತ್ತು. ನಿಜ ಹೇಳುತ್ತೇನೆ, ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಗುವಿಗೆ ಬರಲು ಮನಸ್ಸಿಲ್ಲ, ಇನ್ನೊಂದು ವರ್ಷ ಇಲ್ಲೇ ಇರಲಿ ಎಂದು ಬಿಜಾಪುರಕ್ಕೆ ಬರೆಯುವ ಪತ್ರದ ಒಕ್ಕಣೆ ಕೂಡ ತಲೆಯಲ್ಲಿ ಸಿದ್ಧವಾಯಿತು. ಶಾಂತಾಳ ಮುಖ ನೋಡಿದೆ. ಅಲ್ಲಿಯೂ ಅದೇ ಸಂತೋಷ ಒಂದು ಕ್ಷಣ ಇತ್ತು. ಆಮೇಲೆ ಅವಳು ತಲೆ ತಗ್ಗಿಸಿ, ಖಾಲಿ ತಂಬಿಗೆಯ ಮುಚ್ಚಳ ತಿರುವುತ್ತ, “ಹೇಳ್ರಿ,” ಎಂದಳು. “ಅಲ್ಲೆ ಒಬ್ಬಾಕಿ ದಾರಿ ನೋಡಕೋತ ಕೂತಾಳ.”

ಹೇಳಿದೆ. ಬಿಜಾಪುರದ ಕೋಟೆಯಲ್ಲಿ ಮಂದಿ ಇದ್ದಾರೆ, ನಿಮ್ಮಪ್ಪ ಇದ್ದಾನೆ, ಹೊಸ ಅವ್ವ ಇದ್ದಾಳೆ ಎಂದೆ. ಆನೆಯಷ್ಟು ದೊಡ್ಡ ತೋಪಿದೆ ಎಂದೆ. ಅವಳು ಸುಮ್ಮನೆ ಕೇಳುತ್ತಿದ್ದಳು. ಸುಮ್ಮನಿದ್ದವರ ಮುಂದೆ ನನಗೆ ಮಾತು ನಿಲ್ಲಿಸಲು ಬರುವುದಿಲ್ಲ. “ಅಲ್ಲೆ ಒಂದು ದೊಡ್ಡ ಗುಮ್ಮಟ ಅದ, ಕುಸುಮಿ. ಗೋಳ ಗುಮ್ಮಟ. ಅದರಾಗ ನಿಂತು ಒಂದು ಸಲ ಒದರಿದ್ರ ಏಳು ಸಲ ಕೇಳಸ್ತದ. ನೀ ಮಾಮಾ ಅಂತ ಒದರಿ ನೋಡು, ಏಳು ಸಲ ಮಾಮಾ, ಮಾಮಾ ಅಂತದ.”

“ನಿಮಗ ಕೇಳಸ್ತದೇನು?” ಎಂದಳು.

ಆಡುಗಳಲ್ಲಿ ಒಂದು ಆಗಲೇ ಗೋಡೆಯ ಬುಡಕ್ಕೆ ಬಂದಿತ್ತು. ನಾನು ಅದನ್ನು ಓಡಿಸುವ ನೆಪದಲ್ಲಿ ನಾಲ್ಕು ಹೆಜ್ಜೆ ಹೋದೆ. ತಿರುಗಿ ಬಂದು, “ಕೇಳಸ್ತದ,” ಎಂದೆ. “ಹಂಗಾದ್ರ ಹೋಗ್ತೀನಿ,” ಎಂದಳು. ಗಾಡಿ ಮತ್ತೆ ನೂಕಬೇಕಾಯಿತು. ಈ ಸಲ ಶೆಟ್ಟರು ಜೋರು ನೂಕಿ ಎನ್ನಲಿಲ್ಲ. ಶಾಂತಾ ಕೂಡ ಇಳಿದು ನನ್ನ ಪಕ್ಕದಲ್ಲಿ ನಿಂತು ನೂಕಿದಳು. ಗಾಡಿಯ ಹಿಂದೆ ನಿಂತರೆ ಮುಂದಿನವರಿಗೆ ನಮ್ಮ ಮುಖ ಕಾಣುವುದಿಲ್ಲ.

ಗುರುವಾರ ಮಾಸ್ತರ ಬಂದ, ಶುಕ್ರವಾರ ಕರೆದುಕೊಂಡು ಹೋದ. ಬೋರಿಬಂದರಿನಲ್ಲಿ ರೈಲು ಹೊರಡುವಾಗಲೂ ಕುಸುಮಿ ಅಳಲಿಲ್ಲ. ತುತ್ತು ಬಾಯಿಗಿಟ್ಟುಕೊಂಡಾಗ ಬದನೆಕಾಯಿ ಉಗುಳುತ್ತಾಳೆ, ಮಲಗುವಾಗ ಕಿವಿ ಹಿಡಿದುಕೊಂಡೇ ಮಲಗುತ್ತಾಳೆ, ಗುಡುಗಿಗೆ ಹೆದರುತ್ತಾಳೆ ಎಂದೆಲ್ಲ ಶಾಂತಾ ಎರಡು ಹಾಳೆ ತುಂಬ ಬರೆದು ಮಾಸ್ತರನ ಕೈಗೆ ಕೊಟ್ಟಳು. ಸಂಜೆ ಮನೆಗೆ ಬಂದಾಗ ಛತ್ರಿ ಕಸಿದುಕೊಳ್ಳುವವರು ಇಲ್ಲದೆ, ನಾನು ಅದನ್ನು ಹಿಡಿದುಕೊಂಡೇ ಚಹ ಕುಡಿದೆ. ಎರಡು ರವಿವಾರ ಬಿಟ್ಟು, ಏನೋ ಕೆಲಸ ಇದೆ ಎಂದು ಶಾಂತಾಳಿಗೆ ಹೇಳಿ ಸಾಯನ್ ಗುಡ್ಡ ಹತ್ತಿಬಂದೆ. ಆಡುಗಳು ಒಂದು ಎಳೆಯನ್ನೂ ಬಿಟ್ಟಿರಲಿಲ್ಲ.

ತಿಂಗಳಾದ ಮೇಲೆ ಪತ್ರ ಬಂತು. ಕುಸುಮಿ ಬಾಯಲ್ಲಿ ಹೇಳಿದ್ದನ್ನೇ ಮಾಸ್ತರ ಅಕ್ಷರ ಬಿಡದೆ ಬರೆದಿದ್ದ. ನಾನು ಆಫೀಸಿನಿಂದ ಬಂದಾಗ ಅದು ದೇವರ ಗೂಡಿನಲ್ಲಿತ್ತು. “ಬಂದದ, ಓದ್ರಿ,” ಎಂದು ಶಾಂತಾ ಒಲೆಯ ಮುಂದೆ ಕೂತಳು. ನಾನು ಗಟ್ಟಿಯಾಗಿ ಓದಿದೆ. ಕೋಟೆ ಭಾಳ ದೊಡ್ಡದದ. ಒಳಗ ಮಂದಿ ಇದ್ದಾರ. ಶಾಲ್ಯಾಗ ಪಾಟಿ ಕೊಟ್ಟಾರ. ಸಾಸಿವಿ ಬಂದಾವೇನು? ಆಮೇಲಿನ ಸಾಲು ಹೀಗಿತ್ತು: “ಗುಮ್ಮಟಕ್ಕ ಹೋಗಿದ್ದೆ. ಅಂಜಿಕಿ ಬಂತು. ಅವ್ವಾ ಅಂತ ಒದರಿದೆ. ಏಳು ಸಲ ಬಂತು. ಅವ್ವ ಓಡಿ ಬಂದು ಎತಗೊಂಡಳು.”

ಆ ಸಾಲನ್ನು ನಾನು ನುಂಗಿದೆ. ಅದರ ಜಾಗದಲ್ಲಿ, “ಗುಮ್ಮಟದಾಗ ಮಾಮಾ ಮಾಮಿ ಅಂತ ಒದರಿದೆ,” ಎಂದು ಓದಿ, ಪತ್ರ ಮಡಚಹೋದೆ. ಶಾಂತಾ ರೊಟ್ಟಿ ತಿರುವಿ ಹಾಕುತ್ತ, “ಹೌದು, ಚಲೋ ಆತು,” ಎಂದಳು. ಆಗ ನೋಡಿದೆ. ಪತ್ರದ ಕೆಳತುದಿಯಲ್ಲಿ, ಸರಿಯಾಗಿ ಅದೇ ಸಾಲಿನ ಪಕ್ಕದಲ್ಲಿ, ಜೋಳದ ಹಿಟ್ಟಿನ ಹೆಬ್ಬೆರಳಿನ ಗುರುತಿತ್ತು. ಅವಳು ಮಧ್ಯಾಹ್ನವೇ ಓದಿದ್ದಳು.

ಹೀಗೆ ನನ್ನ ಈ ಉಪಾಯವೂ ನೆಲಕಚ್ಚಿತು. ಇಷ್ಟು ವರ್ಷದಲ್ಲಿ ನನ್ನ ಉಪಾಯವನ್ನು ನಂಬಿದವರು ಒಬ್ಬರೇ. ಅವರಿಗೆ ಆರು ವರ್ಷ. ಅವರು ಬಿಜಾಪುರದಲ್ಲಿ ಸುಖವಾಗಿದ್ದಾರೆ.