ಟವಲ್ ಒಳಗಿನ ಜಪ

ಈರಣ್ಣನ ಬಾಯಿ ಚೌಳಹಿರಿಯೂರು ಹೋಬಳಿಗೆಲ್ಲ ಪರಿಚಿತವಾಗಿತ್ತು. ದಾರಿಯಲ್ಲಿ ಹೋಗುವ ಜಗಳವನ್ನು ಕರೆದು, ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು ಆಡುವ ಬಾಯಿ ಅದು. ಅರವತ್ತು ದಾಟುವ ತನಕ ಹೀಗೇ ನಡೆಯಿತು. ಆಮೇಲೆ ಬಿ.ಪಿ. ಏರಿತು. ಕಡೂರಿನ ಡಾಕ್ಟರು, "ಯಜಮಾನ್ರೇ, ಮಾತ್ರೆ ಕೊಡ್ತೀನಿ, ಆದ್ರೆ ಮೊದಲು ಕೂಗಾಡೋದು ಕಮ್ಮಿ ಮಾಡಿ" ಅಂದರು.

ಅಜ್ಜಂಪುರದ ಮಠವೊಂದರಲ್ಲಿ ಹಿರಿಯರಿಗಾಗಿ ಶಿಬಿರ ನಡೆಯಿತು. ಅಲ್ಲಿನ ಸ್ವಾಮಿಗಳು ದಾರಿ ತೋರಿಸಿದರು: ಸೋಮವಾರ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಮೌನ. ಬರೆಯುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಬಲಗೈ ಮೇಲೆ ಬಟ್ಟೆ ಹೊದಿಸಿಕೊಂಡು, ಬೆರಳ ಗೆಣ್ಣುಗಳಲ್ಲಿ ಶಿವನಾಮ ಎಣಿಸಬೇಕು.

ಮೊದಲ ಸೋಮವಾರ ಕಾಫಿಗೆ ಸಕ್ಕರೆ ಕಮ್ಮಿಯಾಗಿ ಮೌನ ಮುರಿಯಿತು. ಹೆಂಡತಿ ಹುಚ್ಚಮ್ಮ ನಗಲಿಲ್ಲ. "ಹೋರಿಗೂ ನೊಗ ಕಲಿಸೋಕೆ ದಿನ ಹಿಡಿಯುತ್ತೆ ಕಣ್ರೀ. ಬರೋ ವಾರ ಆಗುತ್ತೆ ಬಿಡಿ" ಅಂದಳು. ಯಾವ ಶಿಬಿರಕ್ಕೂ ಹೋಗದೆ, ಈ ಗಂಡನ ಜೊತೆ ನಲವತ್ತು ವರ್ಷ ಬಾಳಿಯೇ ಶಾಂತಿ ಕಲಿತ ಹೆಂಗಸು ಅವಳು. ನಿಜ ಹೇಳಬೇಕೆಂದರೆ ಸ್ವಾಮಿಗಳು ಅವಳ ಹತ್ತಿರ ಶಿಬಿರ ಮಾಡಿಸಬೇಕಿತ್ತು.

ಎರಡನೇ ಸೋಮವಾರ ಹುಚ್ಚಮ್ಮ, ದೇವನೂರಿನ ತಂಗಿ ಮನೆಗೆ ಹೋಗಿಬರುತ್ತೇನೆಂದು ಬೆಳಗಿನ ಬಸ್ಸು ಹತ್ತಿದಳು. ಈರಣ್ಣ ಜಗಲಿಯ ಮೇಲೆ ಟವಲ್ ಹೊದಿಸಿದ ಕೈ ಇಟ್ಟುಕೊಂಡು ಕೂತ. ಎದುರಿಗೆ ಕರಿಯ ಎಂಬ ಮುದಿ ಎತ್ತು. ಉಳುವ ಕೆಲಸವನ್ನು ಟ್ರ್ಯಾಕ್ಟರ್ ವಹಿಸಿಕೊಂಡು ವರ್ಷಗಳಾಗಿದ್ದವು. ಆದರೂ ಕರಿಯನನ್ನು ಮಾರುವ ಮಾತೆತ್ತಿದವರಿಗೆ ಆ ಮನೆಯಲ್ಲಿ ನೀರೂ ಸಿಗುತ್ತಿರಲಿಲ್ಲ. ಸಂಜೆ ಯಜಮಾನನೂ ಎತ್ತೂ ಜೊತೆಯಾಗಿ ತೆಂಗಿನ ತೋಟಕ್ಕೆ ಹೋಗಿ ಬರುತ್ತಿದ್ದರು. ದೀಪಾವಳಿಯಲ್ಲಿ ತನ್ನ ಜೋಡಿಯ ಎತ್ತು ಸತ್ತ ಮೇಲೆ ಕರಿಯ ಮೇವು ಬಿಡತೊಡಗಿತ್ತು. ಈರಣ್ಣನಿಗೂ ಊಟ ಸೇರುತ್ತಿರಲಿಲ್ಲ.

ಆಗ ಬಂದವನು ದನದ ದಲ್ಲಾಳಿ ಬೆನಕಪ್ಪ. ಆ ಕಡೆ ದನದ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವಲ್ ಒಳಗೆ ಕೈ ಕೈ ಸೇರಿಸುತ್ತಾರೆ. ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು ಹತ್ತು ಸಾವಿರ, ನೋಡುವವರಿಗೆ ಗುಟ್ಟು ಗೊತ್ತಾಗುವುದಿಲ್ಲ. ಒಮ್ಮೆ ಒಪ್ಪಿ ಟವಲ್ ತೆಗೆದರೆ ಮುಗಿಯಿತು, ತಿರುಗಿ ಮಾತಿಲ್ಲ. ದಲ್ಲಾಳಿಯ ಕಣ್ಣಿಗೆ ಟವಲ್ ಹೊದ್ದ ಕೈ ಬಿದ್ದರೆ ಇರುವೆಗೆ ಬೆಲ್ಲ ಕಂಡ ಹಾಗೆ.

"ಓಹೋ, ರೆಡಿಯಾಗೇ ಕೂತವ್ರೆ!" ಎಂದು ಬೆನಕಪ್ಪ ಪಕ್ಕದಲ್ಲಿ ಕೂತ. "ಹುಚ್ಚಮ್ಮೋರು ಮೊನ್ನೆನೇ ಹೇಳಿದ್ರು ಕಣ್ರೀ. ಕರಿಯನ್ನ ನೋಡಿದ್ರೆ ಸಂಕಟ ಆಗುತ್ತೆ ಅಂದ್ರು. ಒಂಟಿ ಎತ್ತು ಕಟ್ಕಂಡು ಎಷ್ಟು ದಿನ ಅಂತ ಇರ್ತೀರಿ?" ಎನ್ನುತ್ತಲೇ ಟವಲ್ ಒಳಗೆ ಕೈ ತೂರಿಸಿ, ಜಪ ಎಣಿಸುತ್ತಿದ್ದ ಮೂರು ಬೆರಳನ್ನು ಹಿಡಿದು ಅದುಮಿದ.

ಈರಣ್ಣ ಕರಿಯನ ಕಡೆ ನೋಡಿದ. ಕರಿಯನಿಗೆ ಬೆಲೆ ಕಟ್ಟುತ್ತಿದ್ದಾನೆ! ಅದೂ ಹುಚ್ಚಮ್ಮನೇ ಹೇಳಿ ಕಳಿಸಿದ್ದಾಳೆ! ಬೈಗುಳ ಗಂಟಲ ತನಕ ಬಂತು. ಅಷ್ಟರಲ್ಲಿ ಸ್ವಾಮಿಗಳ ಮುಖ ನೆನಪಾಗಿ ಅಲ್ಲೇ ನುಂಗಿದ.

ಆಮೇಲೆ ಒಂದು ಉಪಾಯ ಹೊಳೆಯಿತು. ಯಾರೂ ಕೊಡಲಾಗದ ಬೆಲೆ ಹೇಳಿದರೆ ಇವನೇ ಎದ್ದು ಓಡುತ್ತಾನೆ. ಟವಲ್ ಒಳಗಿನ ಸನ್ನೆ ಶಿವನಿಗೊಬ್ಬನಿಗೇ ಕಾಣುವುದು, ಅವನು ಕ್ಷಮಿಸಿಯಾನು. ಈರಣ್ಣ ಬೆನಕಪ್ಪನ ಐದೂ ಬೆರಳನ್ನು ಗಪ್ಪನೆ ಹಿಡಿದ.

ಬೆನಕಪ್ಪನ ಕಣ್ಣು ಅಗಲವಾದವು. "ಐದಾ?"

ಈರಣ್ಣ ಇನ್ನೂ ಬಿಗಿಯಾಗಿ ಹಿಡಿದ.

"ನಿಜವಾಗ್ಲೂ?"

ಬೆರಳು ಲಟಕ್ಕೆನ್ನುವಂತೆ ಅದುಮಿದ. ಬೆನಕಪ್ಪ ಟವಲ್ ತೆಗೆದು ಕಣ್ಣಿಗೊತ್ತಿಕೊಂಡ. "ಧರ್ಮಾತ್ಮರು ಕಣ್ರೀ ನೀವು! ಆಯ್ತು, ಒಪ್ಗೆ. ಸಂಜೆಗೆ ಟೆಂಪೋ ತತ್ತೀನಿ" ಎಂದವನೇ ಬೈಕು ಹತ್ತಿ ಮಾಯವಾದ.

ಈರಣ್ಣ ತೆರೆದ ಬಾಯಿ ತೆರೆದಂತೆಯೇ ಕೂತ. ಹಲ್ಲು ಸವೆದ ಎತ್ತಿಗೆ ಐದು ಬೆರಳು! ಇವನಿಗೆ ತಲೆ ಕೆಟ್ಟಿದೆಯೇ?

ಎದುರುಮನೆ ಲಿಂಗಮ್ಮ ಕಿಟಕಿಯಿಂದ ಎಲ್ಲ ನೋಡಿದ್ದಳು. "ಕರಿಯನ ವ್ಯಾಪಾರ ಆಗೋಯ್ತು ಕಣ್ರೋ!" ಎಂದು ಅವಳು ಕೂಗಿದ್ದಕ್ಕೆ ಕೇರಿಯೇ ಬಂತು. ಈರಣ್ಣ ಕರಿಯನ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದ.

"ನೋಡಿ ಇವರನ್ನ!" ಅಂದ ರಿಟೈರ್ಡ್ ಮೇಷ್ಟ್ರು ಶಿವಕುಮಾರ್, ಫೋಟೋ ತೆಗೆಯುತ್ತ. "ಪ್ರಾಣದಂಥ ಎತ್ತು. ಒಂದು ಮಾತೂ ಆಡ್ದೆ ಬಿಟ್ಕೊಟ್ರು. ಮೋಹ ಗೆಲ್ಲೋದು ಅಂದ್ರೆ ಇದು!"

ಈರಣ್ಣ ಮೌನದ ನಿಯಮ ಮರೆತು ಅಲ್ಲ ಅಲ್ಲವೆಂದು ಜೋರಾಗಿ ತಲೆಯಾಡಿಸಿದ.

"ಹೊಗಳಬ್ಯಾಡಿ ಅಂತಾವ್ರೆ ಪಾಪ" ಅಂದಳು ಲಿಂಗಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಂಡು.

ಬೇರೆ ದಾರಿ ಕಾಣದೆ ಈರಣ್ಣ ಕರಿಯನನ್ನು ಬಿಚ್ಚಿಕೊಂಡು ತೋಟದಲ್ಲಿ ಬಚ್ಚಿಡಲು ಹೊರಟ. ಜನ ಹಿಂದೆಯೇ ಬಂದರು. "ಕೊನೇ ಸಲ ತೋಟ ತೋರಿಸ್ತಾವ್ರೆ" ಎಂದು ಶಿವಕುಮಾರ್ ವಿವರಿಸಿದ. ಲಿಂಗಮ್ಮ ಆರತಿ ತಟ್ಟೆ ತಂದು ಎತ್ತಿಗೂ ಯಜಮಾನನಿಗೂ ಕುಂಕುಮ ಇಟ್ಟಳು. ಹೂವಿನ ಹಾರ ಹಾಕಿ, ಇಬ್ಬರನ್ನೂ ಮೆರವಣಿಗೆಯಲ್ಲಿ ಮನೆ ಬಾಗಿಲಿಗೇ ತಂದು ನಿಲ್ಲಿಸಿದರು. ಹುಟ್ಟಿದಾಗಿನಿಂದ ಈರಣ್ಣನಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಸಿಕ್ಕ ದಿನ ಅದು ಬೇಡವಾಗಿತ್ತು.

ಹೊತ್ತು ಇಳಿಯುತ್ತಿದ್ದಾಗ ಟೆಂಪೋ ಬಂತು. ಬೆನಕಪ್ಪ ಇಳಿದು, "ಬರ್ಲಿ, ಬರ್ಲಿ" ಎಂದು ಅದನ್ನು ಕರಿಯನ ಕಡೆಗೆ ಹಿಂದಕ್ಕೆ ಬಿಡಿಸಿದ. ಇನ್ನು ಸ್ವಲ್ಪ ಹೊತ್ತು ತಡೆದಿದ್ದರೆ ವ್ರತ ಪೂರ್ತಿಯಾಗುತ್ತಿತ್ತು. ಆದರೆ ಈರಣ್ಣ ಎತ್ತಿಗೂ ಟೆಂಪೋಗೂ ನಡುವೆ ತೋಳು ಚಾಚಿ ನಿಂತ. ವ್ರತ ಹೋದರೆ ಹೋಗಲಿ.

"ಕೊಡಲ್ಲ ಕಣೋ! ಪ್ರಾಣ ಹೋದ್ರೂ ಕೊಡಲ್ಲ!"

ದಿನವಿಡೀ ತಡೆದಿಟ್ಟ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದವು. ಬೆನಕಪ್ಪನ ಮುಖ ಬಾಡಿತು. "ಹಂಗಂದ್ರೆ ಹೆಂಗೆ ಈರಣ್ಣೋರೇ? ನೀವೇ ಐದು ಬೆರಳು ಹಿಡ್ದು ಒಪ್ಕಂಡು, ಈಗ ದುಡ್ಡು ಕೊಡಲ್ಲ ಅಂದ್ರೆ?"

"ದುಡ್ಡಾ? ನಾನ್ಯಾಕೋ ಕೊಡ್ಲಿ?"

ಟೆಂಪೋದ ಹಿಂಬಾಗಿಲು ದಡಾರನೆ ಬಿತ್ತು. ಒಳಗಿಂದ ಕೊಂಬು ಮಸೆದ ಪ್ರಾಯದ ಎತ್ತೊಂದು ನೆಗೆದು, ಈರಣ್ಣನ ಕೊರಳ ಹಾರಕ್ಕೆ ಬಾಯಿ ಹಾಕಿತು. ಮುಂದಿನ ಸೀಟಿನಿಂದ ಹುಚ್ಚಮ್ಮ ಇಳಿದಳು.

"ಕರಿಯ ಒಂಟಿಯಾಗಿ ಕೊರಗ್ತಾ ಐತಲ್ಲ, ಜೊತೆಗೆ ಇರ್ಲಿ ಅಂತ ದೇವನೂರಲ್ಲಿ ನಾನೇ ನೋಡಿ ಆರಿಸ್ದೆ" ಅಂದಳು. "ನಿಮ್ಮ ಸಂಕಟನೂ ನೋಡೋಕಾಗ್ತಿರ್ಲಿಲ್ಲ. ಟವಲ್ ವ್ಯಾಪಾರಕ್ಕೆ ಬಾಯಿ ಬೇಡ್ವಲ್ಲ, ಬೆಲೆ ನೀವೇ ಕುದುರಿಸಿ ಅಂತ ಇವರನ್ನ ಕಳಿಸ್ದೆ. ಮೂರು ಕೇಳ್ತಾರೆ, ಎರಡಕ್ಕೆ ಇಳಿಸ್ತೀರಿ ಅಂದ್ಕಂಡಿದ್ದೆ."

ಕೇಳಿದ್ದು ಮೂರು, ಕೊಟ್ಟದ್ದು ಐದು.

"ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟೋರನ್ನ ನಾನು ನೋಡೇ ಇಲ್ಲ!" ಎಂದು ಶಿವಕುಮಾರ್ ಇನ್ನೊಂದು ಫೋಟೋ ತೆಗೆದ.

"ಏನ್ರೀ, ಐದು ಯಾಕೆ ಹಿಡಿದ್ರಿ?" ಎಂದು ಹುಚ್ಚಮ್ಮ ಮೆಲ್ಲಗೆ ಕೇಳಿದಳು.

ಈರಣ್ಣ ಪಡುವಣ ದಿಕ್ಕು ನೋಡಿದ. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಸದ್ದಿಲ್ಲದೆ ಹೋಗಿ ಜಗಲಿಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡ.

ಅಂಗಳದಲ್ಲಿ ಕರಿಯ ಹೊಸಬನ ಮೈ ಮೂಸಿ, ಎಷ್ಟೋ ದಿನಗಳ ಮೇಲೆ ಮೇವಿಗೆ ಬಾಯಿ ಹಾಕಿತು. ಹುಚ್ಚಮ್ಮ ಅದನ್ನು ಕಣ್ತುಂಬ ನೋಡಿ, ಗಂಡನ ಪಕ್ಕ ಬಂದು ಕೂತಳು.

"ಹೋಗ್ಲಿ ಬಿಡಿ. ಬರೋ ಸೋಮವಾರ ಕೂತು ಜಗಳಾನೇ ಆಡಿ" ಅಂದಳು. "ನಿಮ್ಮ ಮೌನ ಸಾಕೋ ಶಕ್ತಿ ನಮ್ಮ ತೋಟಕ್ಕಿಲ್ಲ."